ಅತ್ತೆ ಏರಿದ ಕೆಂಚಿ

ನಮ್ಮತ್ತೆಗೆ ಹುಚ್ಚು ಹಿಡಿದಿದೆ ಎಂದು ಹೊನ್ನಾಳಿಯಲ್ಲಿ ಹೇಳದಿದ್ದವರು ಇಬ್ಬರೇ. ಒಬ್ಬರು ಅತ್ತೆ, ಇನ್ನೊಬ್ಬಳು ಅವರ ಕುದುರೆ!

ಎಂಬತ್ತರ ದಶಕದ ಆರಂಭ. ಊರಿಗೆ ಆಟೋಗಳು ಬಂದಿದ್ದವು. ಜಟಕಾ ಓಡಿಸುತ್ತಿದ್ದ ಸಾಬರು ಕೆಲಸ ಬಿಟ್ಟು ಚನ್ನಗಿರಿಯ ಮಗಳ ಮನೆಗೆ ಹೊರಟರು. ಅವರ ಹೆಣ್ಣುಕುದುರೆ ಕೆಂಚಿಯನ್ನು ಐವತ್ತು ದಾಟಿದ ನಮ್ಮತ್ತೆ, ಅಂದರೆ ಅಪ್ಪನ ಅಕ್ಕ, ಕೇಳಿ ತಂದುಬಿಟ್ಟರು.

"ಗಾಡೀನೂ ತಗೊಳ್ಳಿ ಅಮ್ಮಾ."

"ಗಾಡಿ ಯಾಕ್ರಿ ಸಾಬ್ರೆ? ನಾನು ಹತ್ತಾಕೆ ಅಂತ ಕುದುರೆ ಕೇಳಿದ್ದು!"

ಸೀರೆಗೆ ಕಚ್ಚೆ ಹಾಕಿ, ಜಗಲಿಯಿಂದ ಕೆಂಚಿಯ ಬೆನ್ನೇರಿ, ಸಾಸ್ವೆಹಳ್ಳಿ ದಾರಿಯ ಗದ್ದೆ ನೋಡಲು ಹೊರಟರೆಂದರೆ ಓಣಿಯೆಲ್ಲ ಬಾಗಿಲಿಗೆ ಬರುತ್ತಿತ್ತು. ಅಪ್ಪ ಸಂಕಟಪಟ್ಟರು. "ಅಕ್ಕ, ಜನ ಬಾಯಿಗೆ ಬಂದಂಗೆ ಮಾತಾಡ್ತಾರೆ."

"ಮಾತಾಡ್ಲಿ ಬಿಡೋ. ನಾನೇನು ಅವರ ಬೆನ್ನು ಹತ್ತೀನೇನು?"

ನ್ಯಾಮತಿಯ ನೆಂಟರೊಬ್ಬರು ಕೆಂಚಿಯನ್ನು ಸುತ್ತಿ ಬಂದು, "ಕಾಠಿಯಾವಾಡಿ ಕುದುರೆ ಆದ್ರೆ ಕಿವಿ ತುದಿ ಒಂದಕ್ಕೊಂದು ತಾಗ್ಬೇಕು. ಇದು ಯಾವ ತಳಿ?" ಎಂದರು.

"ಹೊನ್ನಾಳಿ ತಳಿ ರೀ. ಇದರ ಕಿವಿ ಇರೋದು ಮಾತು ಕೇಳಾಕೆ!"

ಕೇಳಬೇಕಲ್ಲ! ಜಟಕಾ ಎಳೆದ ಪ್ರಾಣಿ, ಬಸ್‌ಸ್ಟ್ಯಾಂಡ್ ಬಂದೊಡನೆ ಗಿರಾಕಿಗಾಗಿ ನಿಂತುಬಿಡುತ್ತಿತ್ತು. ಸಾಬರಂತೆ "ರೈಟ್!" ಎಂದರೆ ಮಾತ್ರ ಹೊರಡುವುದು. ಒಂದು ದಿನ ಅತ್ತೆ ಎಂಥ "ರೈಟ್!" ಕೂಗಿದರೆಂದರೆ, ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ ಕಂಡಕ್ಟರನನ್ನು ಬಿಟ್ಟು ಶಿವಮೊಗ್ಗದ ಬಸ್ಸೇ ಹೊರಟುಹೋಯಿತು!

ಹೀಗಿರುವಾಗ ಒಂದು ಬೆಳಿಗ್ಗೆ ಕೆಂಚಿ ಹುಲ್ಲು ಮುಟ್ಟಲಿಲ್ಲ. ತಿರುತಿರುಗಿ ಹೊಟ್ಟೆ ನೋಡಿಕೊಳ್ಳುವುದು, ಕಾಲಿಂದ ನೆಲ ಕೆರೆಯುವುದು, ಮಲಗಿ ಹೊರಳಲು ನೋಡುವುದು. ದನದ ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟರು.

"ಹೊಟ್ಟೆಶೂಲೆ ಅಮ್ಮಾ. ಹೊರಳಾಡಿ ಕರುಳು ತಿರುಚಿಕೊಂಡ್ರೆ ಮುಗೀತು. ಮೆಲ್ಲಗೆ ನಡೆಸ್ತಾ ಇರಿ. ಲದ್ದಿ ಹಾಕಿದ್ರೆ ಉಳಿದಂಗೆ. ಆಸೆ ಮಾತ್ರ ಇಟ್ಕೋಬೇಡಿ."

"ಆಸೆ ಇಡೋದು, ಬಿಡೋದು ನನ್ನ ಕೆಲಸ ರೀ. ನೀವು ಸಂಜೆ ಬಂದು ನೋಡ್ರಿ!"

ನಡೆಸಿದರು. ಮನೆಯಿಂದ ಹೊಳೆಗೆ, ಹೊಳೆಯಿಂದ ಬಸ್‌ಸ್ಟ್ಯಾಂಡಿಗೆ, ಮತ್ತೆ ಹೊಳೆಗೆ. ಆಗಷ್ಟೇ ಕಾಲೇಜು ಮುಗಿಸಿದ್ದ ನಾನು ಇನ್ನೊಂದು ಬದಿಯ ಹಗ್ಗ ಹಿಡಿದಿದ್ದೆ. ಕೆಂಚಿ ಮಂಡಿ ಮಡಿಚಿದಾಗಲೆಲ್ಲ ಅತ್ತೆ ಹೆಗಲು ಕೊಟ್ಟು ಎಬ್ಬಿಸುತ್ತಿದ್ದರು.

"ಏನಮ್ಮ, ಇವತ್ತು ಕುದುರೇನೇ ನಿಮ್ಮನ್ನ ಹತ್ತೋ ಹಂಗೈತಲ್ಲ!" ಕಟ್ಟೆ ಮೇಲಿನವನೊಬ್ಬ ಹಲ್ಲು ಕಿಸಿದ.

"ಹತ್ಲಿ! ಹೊತ್ಕೊಂಡು ಹೋಗ್ತೀನಿ!"

ಮಧ್ಯಾಹ್ನದ ಹೊತ್ತಿಗೆ ನಗೆ ನಿಂತಿತ್ತು. ಹೋಟೆಲಿನವರು ಮಜ್ಜಿಗೆ ತಂದುಕೊಟ್ಟರು. ಬಸ್ಸಿನ ಕಿಟಕಿಯಿಂದ ಗುರುತಿಲ್ಲದವರೂ ತಲೆ ಹಾಕಿ, "ಲದ್ದಿ ಹಾಕಿತೇನ್ರಿ?" ಎಂದು ಕೇಳತೊಡಗಿದರು. ಸಂಜೆ ಐದರ ಸುಮಾರಿಗೆ, ಬಸ್‌ಸ್ಟ್ಯಾಂಡಿನ ನಟ್ಟನಡುವೆ, ಕೆಂಚಿ ಬಾಲ ಎತ್ತಿತು. ಇಡೀ ಬಸ್‌ಸ್ಟ್ಯಾಂಡು ಚಪ್ಪಾಳೆ ತಟ್ಟಿತು! ಲೋಕದಲ್ಲಿ ಬೇರೆ ಯಾವ ಲದ್ದಿಗೆ ಅಂಥ ಮರ್ಯಾದೆ ಸಿಕ್ಕಿದ್ದೀತು?

ಮನೆಗೆ ಬಂದ ಮೇಲೆ ಅತ್ತೆ ಕೆಂಚಿಯ ಹೊಟ್ಟೆಗೆ ಕಿವಿಯಿಟ್ಟು ನಿಂತರು. ಒಳಗೆ ಕರುಳು ಮತ್ತೆ ಕೆಲಸಕ್ಕಿಳಿದ ಗುಡುಗುಡು ಸದ್ದು. "ಡಾಕ್ಟರನ್ನೂ ಸೋಲಿಸಿಬಿಟ್ರಲ್ಲ ಅತ್ತೆ!" ಎಂದು ನಾನು ನಕ್ಕೆ. ಅವರು ಮುಖ ಎತ್ತಲಿಲ್ಲ.

"ನಿಮ್ಮ ಮಾವಂಗೂ ಹೊಟ್ಟೆನೋವೇ ಬಂದಿದ್ದು ಕಣೆ. ದಾವಣಗೆರೆಗೆ ಕರ್ಕೊಂಡು ಹೋಗಾನ ಅಂದೆ. ಏನೂ ಆಗಲ್ಲ, ಮಲಗ್ಲಿ ಬಿಡು ಅಂದ್ರು ಎಲ್ಲಾರೂ. ನಾನೂ ಅವರ ಮಾತು ಕೇಳಿದೆ. ಮಲಗಿದೋರು ಏಳಲೇ ಇಲ್ಲ."

ನಾನು ಹಗ್ಗ ಬಿಟ್ಟು ಅವರ ಕೈ ಹಿಡಿದೆ. ಅವರು ಇನ್ನೊಂದು ಕೈಯಿಂದ ಕೆಂಚಿಯ ಹೊಟ್ಟೆ ನೀವುತ್ತಲೇ ಇದ್ದರು.