ಕಮಲಕ್ಕನ ಶ್ಯಾವಿಗೆ ಮಣೆಗೆ ನಾನು ಎರಕ ಹೊಯ್ದ ಹಿಡಿ

ವಸ್ತುವೊಂದು ಮುರಿದಾಗ ಅದನ್ನು ಚೀಲಕ್ಕೆ ಹಾಕಿಕೊಂಡು ರಿಪೇರಿ ಅಂಗಡಿಗೆ ಹೋಗುವವರು ಕೆಲವರು. "ಇರಲಿ, ನಾನು ನೋಡುತ್ತೇನೆ" ಎನ್ನುವವರು ಇನ್ನು ಕೆಲವರು. ಮೊದಲಿನವರ ಮನೆಯಲ್ಲಿ ವಸ್ತು ಸರಿಯಾಗುತ್ತದೆ. ಎರಡನೆಯವರ ಮನೆಯಲ್ಲಿ ವಸ್ತು ಹಾಗೆಯೇ ಇರುತ್ತದೆ, ಅದರ ಕುರಿತ ಜ್ಞಾನ ಮಾತ್ರ ಹೆಚ್ಚುತ್ತದೆ. ನಮ್ಮ ಮನೆಯಲ್ಲಿ ಜ್ಞಾನಕ್ಕೆ ಕೊರತೆಯಿಲ್ಲ.

ನಾನು ಪುತ್ತೂರಿನಲ್ಲಿ ಪತ್ರಿಕೆಯೊಂದರ ವರದಿಗಾರ. ಕಾಲೇಜಿನ ವಸ್ತುಪ್ರದರ್ಶನವೊಂದರ ವರದಿಗೆಂದು ಹೋದವನು, ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರದ ಮೇಲೆ ಪದರ ಇಟ್ಟು ಬೇಕಾದ ವಸ್ತು ಕಟ್ಟಿಕೊಡುವ ತ್ರೀಡಿ ಪ್ರಿಂಟರನ್ನು ಕಂಡೆ. ಪತ್ರಿಕೆಯಲ್ಲಿ ವರದಿ ಒಂದು ಮೂಲೆಯಲ್ಲಿ ಬಂತು. ಪ್ರಿಂಟರ್ ನಮ್ಮ ಮನೆಯ ಚಾವಡಿಯ ನಡುವೆ ಬಂತು. "ಸದ್ಯ, ಕೊಯಿಲದ ಜಾನುವಾರು ಫಾರ್ಮಿಗೆ ವರದಿಗೆ ಹೋದ ದಿನ ಬರಿಗೈಯಲ್ಲಿ ಬಂದಿದ್ರಿ" ಎಂದಳು ಹೆಂಡತಿ ವಿದ್ಯಾ.

ಪ್ಲಾಸ್ಟಿಕ್ಕಿನ ಗೂಟ, ಪ್ಲಾಸ್ಟಿಕ್ಕಿನ ಚಿಲಕ ಮಾಡಿ ಬೇಸರ ಬಂದ ಮೇಲೆ ಲೋಹದ ಆಸೆ ಹತ್ತಿತು. ವಿಧಾನ ಕೇಳಲು ಸುಲಭ. ಪ್ರಿಂಟರಿನಲ್ಲಿ ಮಾದರಿ ಮಾಡಿಕೊಳ್ಳುವುದು, ಮರದ ಚೌಕಟ್ಟಿನೊಳಗೆ ಅದರ ಸುತ್ತ ಜೇಡಿಮಣ್ಣು ಬೆರೆಸಿದ ನಯವಾದ ಮರಳನ್ನು ಬಿಗಿಯಾಗಿ ತುಂಬುವುದು, ಮಾದರಿಯನ್ನು ಮೆಲ್ಲನೆ ತೆಗೆಯುವುದು, ಉಳಿದ ಟೊಳ್ಳಿಗೆ ಕರಗಿದ ಅಲ್ಯೂಮಿನಿಯಂ ಹೊಯ್ಯುವುದು. ಹಳೆಯ ತಗಡಿನ ಬಕೆಟಿಗೆ ಒಳಗಿನಿಂದ ಮಣ್ಣು ಮೆತ್ತಿ ಒಲೆ ಮಾಡಿದೆ. ತೆಂಗಿನ ಗೆರಟೆಯ ಇದ್ದಿಲು ಹಾಕಿ ಬ್ಲೋವರಿನಿಂದ ಗಾಳಿ ಊದಿದೆ. ಬೈಕಿನ ಹೆಲ್ಮೆಟ್ ಧರಿಸಿ ಹಿತ್ತಿಲಲ್ಲಿ ನಿಂತವನನ್ನು ಕಂಡು ದಾರಿಹೋಕರೊಬ್ಬರು "ಗೇರುಬೀಜ ಸುಡುದಾ?" ಎಂದು ಕೇಳಿದರು. ಹೌದೆಂದೆ. ವೃತ್ತಿಜೀವನದಲ್ಲಿ ಖಚಿತಪಡಿಸಿಕೊಳ್ಳದೆ ಕೊಟ್ಟ ಹೇಳಿಕೆ ಅದೊಂದೇ.

ಇಷ್ಟರಲ್ಲಿ ಪಕ್ಕದ ಮನೆಯ ಕಮಲಕ್ಕನ ಶ್ಯಾವಿಗೆ ಮಣೆಯ ಹಿಡಿ ಬಿರುಕು ಬಿಟ್ಟಿತು. ಕಮಲಕ್ಕ ಸಂಪಾಜೆ ಕಡೆಯವರು. ಸಮಾರಂಭಗಳಿಗೆ ಅಕ್ಕಿಯ ಶ್ಯಾವಿಗೆ, ಅವರ ಮಾತಿನಲ್ಲಿ ಸೇಮಿಗೆ, ಒತ್ತಿ ಕೊಡುವುದು ಅವರ ಜೀವನೋಪಾಯ. ಬೇಯಿಸಿದ ಹಿಟ್ಟಿನ ಉಂಡೆಯನ್ನು ಬಿಸಿ ಆರುವ ಮೊದಲು ಒತ್ತಬೇಕು. ಅದಕ್ಕೆ ಮಣೆಯ ಮೇಲಿನ ಎರಡು ಕೈಗಳ ಹಿಡಿಯನ್ನು ಮೈಭಾರ ಹಾಕಿ ತಿರುಗಿಸಬೇಕು. ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದರು. ನಾಲ್ಕು ಉಂಡೆ ಒತ್ತಿ ಒಮ್ಮೆ ಕುಳಿತು ಭುಜ ನೀವಿಕೊಳ್ಳುವುದು ನಮ್ಮ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು. ಬಿರುಕಿಗೆ ಕಟ್ಟುಕಂಬಿ ಸುತ್ತಿ ಹೇಗೋ ಸುಧಾರಿಸುತ್ತಿದ್ದರು.

"ಕೊಡಿ ಕಮಲಕ್ಕ, ಹೊಸದು ಎರಕ ಹೊಯ್ದು ಕೊಡುತ್ತೇನೆ" ಎಂದೆ.

"ನಾಳೆ ಬೆಳಿಗ್ಗೆ ಒಂದು ಹೊಸ ಮನೆಯ ಒಕ್ಕಲಿಗೆ ಸೇಮಿಗೆ ಕೊಡ್ಲಿಕ್ಕುಂಟು. ಅಕ್ಕಿ ನೆನೆ ಹಾಕಿ ಆಗಿದೆ. ಸಂಜೆಗೆ ಸಿಕ್ತದಾ?"

"ಅದಕ್ಕಿಂತ ಮೊದಲೇ."

"ವೆಲ್ಡಿಂಗ್ ಅಂಗಡಿಯಲ್ಲಿ ಐದು ನಿಮಿಷದ ಕೆಲಸ" ಎಂದು ವಿದ್ಯಾ ಒಳಗಿನಿಂದ ಹೇಳಿದ್ದು ಕೇಳಿಸಿತು. ಕೇಳಿಸದವನಂತೆ ಇದ್ದೆ.

ಹಿಡಿಯ ಅಳತೆ ತೆಗೆದೆ, ಮಾದರಿ ಮುದ್ರಿಸಿದೆ, ಮರಳು ತುಂಬಿದೆ. ಆಮೇಲೆ ಮಾಡಿದ್ದನ್ನು ಯಾವ ಅಲಂಕಾರವೂ ಇಲ್ಲದೆ ದಾಖಲಿಸುತ್ತೇನೆ. ಹೊಸ ಹಿಡಿಗೆ ಲೋಹ ಬೇಕಿತ್ತು. ಕೈಯಲ್ಲಿ ಹಳೆಯ ಹಿಡಿ ಇತ್ತು. ಅದೇ ಆಕಾರ, ಅದೇ ತೂಕ, ಅದೇ ಅಲ್ಯೂಮಿನಿಯಂ. ಇದಕ್ಕಿಂತ ಸರಿಯಾದ ಅಳತೆಯ ಲೋಹ ಎಲ್ಲಿ ಸಿಕ್ಕೀತು ಎಂದು ಕಟ್ಟುಕಂಬಿ ಬಿಚ್ಚಿ ಅದನ್ನೇ ಒಲೆಗೆ ಹಾಕಿದೆ. ಸುದ್ದಿಮನೆಯಲ್ಲಿ ಮೂಲಪ್ರತಿಯನ್ನು ಪತ್ರಿಕೆ ಅಚ್ಚಾಗುವವರೆಗೆ ಹರಿಯಬೇಡಿ ಎಂದು ಹೊಸಬರಿಗೆ ಪಾಠ ಹೇಳುವವನು ನಾನೇ.

ಕರಗಿದ ಲೋಹದ ಮೇಲೆ ಕೆನೆಯಂತೆ ಕಿಟ್ಟ ಕಟ್ಟುತ್ತದೆ. ಅದನ್ನು ತೆಗೆದು ಎಸೆಯಬೇಕು. ಹೊಯ್ಯುವ ದಾರಿಯಲ್ಲೂ ಒಂದಿಷ್ಟು ಲೋಹ ಉಳಿಯುತ್ತದೆ. ಈ ಎರಡೂ ವಿಷಯ ನನಗೆ ಗೊತ್ತಿದ್ದವು, ಆದರೆ ಆ ಹೊತ್ತಿಗೆ ಅಲ್ಲ. ಮರಳು ಒಡೆದು ನೋಡಿದರೆ ಹಿಡಿಗೆ ಒಂದು ಕೈ ಪೂರ್ತಿ, ಇನ್ನೊಂದು ಮೊಣಕೈವರೆಗೆ. ಈಗ ಕಮಲಕ್ಕನ ಬಳಿ ಒಡಕು ಹಿಡಿಯೂ ಇರಲಿಲ್ಲ. ಸ್ಪ್ಯಾನರ್ ಹಾಕಿ ತಿರುಗಿಸಿ ನೋಡಿದೆವು, ಮಣೆಯ ತಿರುಪು ಅಲುಗಲಿಲ್ಲ. ನಮ್ಮ ಮನೆಯ ಮಣೆ ಕೊಡೋಣವೆಂದರೆ ಅದು ಇಬ್ಬರಿಗೆ ಒತ್ತುವಂಥದು, ಅವರದು ಊರಿಗೆ ಬಡಿಸುವಂಥದು.

ಕಮಲಕ್ಕ ಬೈಯಲಿಲ್ಲ. ಮೊಣಕೈ ಹಿಡಿಯನ್ನು ತಿರುಗಿಸಿ ನೋಡಿ, "ಅಕ್ಕಿಯನ್ನು ಇನ್ನು ನೀರಿಂದ ತೆಗೆದು ಕಡೀಬಹುದಾ, ಇಲ್ಲ ಒಕ್ಕಲಿನವರಿಗೆ ಫೋನ್ ಮಾಡ್ಬೇಕಾ? ಅದೊಂದು ಹೇಳಿ" ಎಂದರು. ಬೈದಿದ್ದರೆ ಸಮಾಧಾನವಿತ್ತು. ಕೊಟ್ಟ ಮಾತು ತಪ್ಪಿದರೆ ಆ ಮನೆಯವರು ಅವರನ್ನು ಇನ್ನೊಮ್ಮೆ ಕರೆಯುವುದಿಲ್ಲ.

ಗುಜರಿ ಅಂಗಡಿಯ ಹಮೀದಾಕನಲ್ಲಿಗೆ ಓಡಿದೆ. ಅವರು ಕೂತಲ್ಲಿಂದಲೇ ಇಡೀ ಕಥೆ ಕೇಳಿದರು.

"ಅಂದ್ರೆ ಹೊಸ ಮನೆ ಕಟ್ಟುವ ಕಲ್ಲಿಗೆ ಇದ್ದ ಮನೆ ಕೆಡವಿದ್ರಿ."

"ಹಾಗೇ ಆಯಿತು."

"ಪೇಪರಿನಲ್ಲಿ ಹಾಕ್ತೀರಾ?"

"ಇಲ್ಲ."

"ಮತ್ತೆ ನಮ್ಮದೆಲ್ಲ ಹಾಕ್ತೀರಿ" ಎನ್ನುತ್ತಾ ರಾಶಿಯಿಂದ ಹಳೆಯ ಅಲ್ಯೂಮಿನಿಯಂ ಪಿಸ್ಟನ್‌ಗಳನ್ನು ಹೆಕ್ಕಿ ಚೀಲಕ್ಕೆ ಹಾಕಿದರು. ಹಣ ತೆಗೆಯಲು ಹೋದರೆ, "ಕಮಲಕ್ಕನ ಸೇಮಿಗೆ ನಮ್ಮ ಮನೆಯ ಮದುವೆಗೂ ಬಂದಿದೆ, ನೀವು ಹೊರಡಿ" ಎಂದರು.

ಎರಡನೇ ಸಲ ವಿದ್ಯಾ ತಾನೇ ಮರಳು ಜರಡಿ ಹಿಡಿದಳು. ಹಿಟ್ಟಿನ ಜರಡಿಯಲ್ಲಿ ಹಿಡಿದಳು ಎಂಬುದನ್ನು ಇಲ್ಲಿ ಕೃತಜ್ಞತೆಯಿಂದ ಬರೆಯುತ್ತಿದ್ದೇನೆ. ಎರಡು ಕೈಗಳೂ ಬೆರಳತುದಿಯವರೆಗೆ ತುಂಬಿ ಬಂದವು. ಆದರೆ ಲೋಹ ಆರುವಾಗ ಕುಗ್ಗುತ್ತದೆಂದು ಮಾದರಿಯನ್ನು ತುಸು ದೊಡ್ಡದು ಮಾಡಬೇಕಿತ್ತು. ಮಾಡಿರಲಿಲ್ಲ. ಮಣೆಯ ತಿರುಪಿನ ಚೌಕ ತಲೆಗೆ ಹಿಡಿಯ ತೂತು ಹಿಡಿಸಲಿಲ್ಲ. ಅರ ಹಾಕಿ ಉಜ್ಜಿದೆ, ಕೈ ಬದಲಿಸಿ ಮತ್ತೆ ಉಜ್ಜಿದೆ. ಸಂಜೆಗೆ ಹಿಡಿ ಕೂತಿತು, ಸ್ವಲ್ಪ ಓರೆಯಾಗಿ. ತಿರುಗಿಸಿದರೆ ಒಂದು ಬದಿಗೆ ಎದ್ದು ಬರುತ್ತಿತ್ತು. ಮೇಲಿನಿಂದ ಅದುಮಿಕೊಂಡೇ ತಿರುಗಿಸಬೇಕು.

"ಇದು ನನ್ನ ಕೈಗೆ ಬಗ್ಗುದಿಲ್ಲ" ಎಂದರು ಕಮಲಕ್ಕ. "ಮಾಡಿದವರೇ ಬೆಳಿಗ್ಗೆ ಬಂದು ತಿರುಗಿಸಿ."

ಹಾಗೆ ಮರುದಿನ ಬೆಳಿಗ್ಗೆ ಕಮಲಕ್ಕ ಉಂಡೆ ಹಾಕಿದರು, ವಿದ್ಯಾ ತಟ್ಟೆ ಹಿಡಿದಳು, ನಾನು ತಿರುಗಿಸಿದೆ. ಮೊದಲ ಉಂಡೆಗೆ ಹಿಡಿ ಮುರಿಯುತ್ತದೆ ಎಂದುಕೊಂಡೆ, ಹತ್ತನೆಯದಕ್ಕೆ ನಾನು ಮುರಿಯುತ್ತೇನೆ ಎಂದುಕೊಂಡೆ. ಎರಡೂ ಆಗಲಿಲ್ಲ. ಬಿಳಿಯ ಎಳೆಗಳು ಹಬೆಯಾಡುತ್ತಾ ಇಳಿದವು, ಬುಟ್ಟಿಗಳು ತುಂಬಿದವು, ಒಕ್ಕಲಿನ ಮನೆಯ ಜೀಪು ಹೊತ್ತಿಗೆ ಸರಿಯಾಗಿ ಹೊರಟಿತು. ಕಮಲಕ್ಕ ಅಂದು ಒಮ್ಮೆಯೂ ಭುಜ ನೀವಿಕೊಳ್ಳಲಿಲ್ಲ. ನಮಗೆ ಕಾಯಿಹಾಲು, ಬೆಲ್ಲದ ಜೊತೆ ಒಂದು ತಟ್ಟೆ ಸಿಕ್ಕಿತು. ಅಂಥ ರುಚಿ ಬೇರೆಲ್ಲೂ ಕಂಡ ನೆನಪಿಲ್ಲ. ತಪ್ಪು ಮಾಡಿದವನಿಗೂ ಊಟ ಹಾಕುವವರ ನಡುವೆ ಬದುಕುತ್ತಿದ್ದೇನೆ ಎಂದು ಅಂದು ತಿಳಿಯಿತು.

ಆಮೇಲೂ ಶ್ಯಾವಿಗೆಯ ಕರೆ ಬಂದಾಗಲೆಲ್ಲ ನನಗೂ ಕರೆ ಬರುತ್ತಿದೆ. ಮೊನ್ನೆ ಕಡಬದ ಕಡೆಯ ಸಮಾರಂಭವೊಂದಕ್ಕೆ ಒತ್ತುತ್ತಿರುವಾಗ ಹೇಳಿದೆ: "ಕಮಲಕ್ಕ, ತಪ್ಪು ಎಲ್ಲಿ ಎಂದು ಗೊತ್ತಾಗಿದೆ. ಸರಿಯಾದ ಹಿಡಿ ಮಾಡಿ ಕೊಡಲೇ? ಮಕ್ಕಳೂ ತಿರುಗಿಸಬಹುದು."

ಅವರು ಮುಂದಿನ ಉಂಡೆ ಹಾಕಿ, ಹಿಡಿಯನ್ನು ನನ್ನ ಕಡೆ ತಳ್ಳಿದರು.

"ಬೇಡ ಮಾರಾಯ್ರೆ. ಅದು ಸರಿಯಾದ್ರೆ ನೀವು ಬರುದಿಲ್ಲ."