ಕಿವುಡ ಮಾವನ ರೇಡಿಯೋ

ಹೊಸಪೇಟೆಯ ನಮ್ಮ ಓಣಿಗೆ ಮೊಟ್ಟಮೊದಲು ರೇಡಿಯೋ ತಂದವರು ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪ. ಅದರಲ್ಲೇನು ವಿಶೇಷ ಅಂತೀರಾ? ಅವರಿಗೆ ಕಿವಿಯೇ ಕೇಳುತ್ತಿರಲಿಲ್ಲ! ತಮ್ಮದೇ ಅಕ್ಕಿ ಮಿಲ್ಲಿನ ಎಂಜಿನ್ನಿನ ಪಕ್ಕದಲ್ಲಿ ಅರ್ಧ ಆಯುಷ್ಯ ಕಳೆದು, ಎರಡೂ ಕಿವಿಗಳನ್ನು ಅದಕ್ಕೇ ಒಪ್ಪಿಸಿ ಬಂದಿದ್ದರು.

ಮಾವನ ಮುಂದೆ ದನಿ ಎತ್ತಬಾರದು ಎಂದು ತವರಿನಲ್ಲಿ ಹೇಳಿ ಕಳಿಸಿದ್ದರು. ಎತ್ತದೆ ಏನು ಮಾಡಲಿ? ನಾನು "ಉಣ್ಣಾಕ ಬರ್ರೀ" ಎಂದು ಕೂಗಿದರೆ ಓಣಿಯ ಕೊನೆಯ ಮನೆಯವರೂ ಕೈ ತೊಳೆದುಕೊಳ್ಳುತ್ತಿದ್ದರು. ಬಾಯಿಬಡುಕಿ ಸೊಸೆ ಎಂಬ ಹೆಸರು ಬಂದದ್ದು ಹಾಗೆ. ನಾನು ಬಾಯಿಬಡುಕಿಯೇ, ಅದು ಬೇರೆ ಮಾತು.

ರೇಡಿಯೋ ಬಂದದ್ದು ಅತ್ತೆಗಾಗಿ. ಲಕ್ವ ಹೊಡೆದು ಅವರ ಮೈಯ ಒಂದು ಪಕ್ಕವೂ ಮಾತೂ ಹೋಗಿದ್ದವು. ಗೋಡೆ ಕಡೆ ಮುಖ ತಿರುಗಿಸಿ ಊಟ ಬಿಟ್ಟಿದ್ದರು. ಪೆಟ್ಟಿಗೆಯಲ್ಲಿ ಮದರಾಸಿನ ಹಾಡು ಬಂದ ಸಂಜೆ, ಸರಿಯಿದ್ದ ಕೈಯ ಬೆರಳು ಮಂಚದ ಪಟ್ಟಿಯ ಮೇಲೆ ತಾಳ ಹಾಕಿತು. ಆಮೇಲೆ ಗಂಜಿ ಕುಡಿದರು. ಅಂದಿನಿಂದ ಮಾವ ದಿನಾ ಸಂಜೆ ಆ ಬೆರಳಿನ ಮುಂದೆ ಹಾಜರು! ಬೆರಳು ಜೋರಾದರೆ ತಲೆದೂಗುವುದು, ನಿಂತರೆ "ಭೇಷ್" ಎನ್ನುವುದು. ಹಾಡು ಕೇಳಲು ಬಂದ ಓಣಿಯವರು ಪಿಸುಗುಟ್ಟಿದರೆ, "ಲೇ, ಸುಮ್ನ ಕುಂದರ್ರಿ, ಕೇಳಾಕ ಬಿಡ್ರಿ!" ಎಂದು ಗದರುವುದು ಬೇರೆ.

ನಮ್ಮೂರಿಗೆ ಇನ್ನೂ ಕರೆಂಟು ಬಂದಿರಲಿಲ್ಲ, ರೇಡಿಯೋದ ಬ್ಯಾಟರಿಗೆ ಅದನ್ನು ತುಂಬಿಸಲು ಸಂಡೂರಿನ ಗಣಿಯವರೆಗೆ ಗಾಡಿ ಹೋಗಬೇಕಿತ್ತು. ನನ್ನ ತವರೂ ಸಂಡೂರೇ, ಅದೇ ಗಾಡಿಯಲ್ಲಿ ಹೊರಟೆ. ಬ್ಯಾಟರಿಗೆ ಮೆತ್ತನೆಯ ಗಾದಿ, ನನಗೆ ಬರೀ ಹಲಗೆ! "ಅದು ಭಾಳ ಸೂಕ್ಷ್ಮ ಐತವ್ವ" ಎಂದರು ಮಾವ. ನಾನಾಗ ತುಂಬಿದ ಬಸುರಿ.

ನಾನು ಬಾಣಂತನ ಮುಗಿಸಿ ಬಂದ ಮೇಲೆ ಒಂದು ಸಂಜೆ ಪೆಟ್ಟಿಗೆ ಬರೀ ಸರ್ರೆಂದಿತು. ಬೆರಳು ನಿಂತಿತು. ಅತ್ತೆ ಮತ್ತೆ ಗೋಡೆಗೆ ತಿರುಗಿದರು. ಪೇಪರು ಓದಿದ್ದ ಪೋಸ್ಟ್ ಮಾಸ್ತರರು ಬಂದು ಮಾವನ ಕಿವಿಗೇ ಬಾಯಿಟ್ಟು ಕೂಗಿದರು: "ಸಾವ್ಕಾರ್ರ, ಮದರಾಸಿನ ರೇಡಿಯೋ ಮುನಸಿಪಾಲ್ಟಿ ಕೈ ಬಿಟ್ಟು ಸರ್ಕಾರದ ಕೈಗೆ ಹೋತಂತ್ರಿ! ಹೊಸಾ ಮಶೀನು, ಮುಳ್ಳಿಗೂ ಹೊಸಾ ಜಾಗ. ಮುಳ್ಳು ತಿರುವಿ ಹುಡುಕಬೇಕ್ರಿ!"

ಮುನಸಿಪಾಲ್ಟಿ ಎಂದರೆ ಗಟಾರ ಬಳಿಸುವವರು ಎಂದುಕೊಂಡಿದ್ದ ನನಗೆ, ಅವರು ಹಾಡನ್ನೂ ನಡೆಸುತ್ತಿದ್ದರು ಎಂಬುದೇ ಹೊಸ ಸುದ್ದಿ.

ಮಾವನಿಗೆ ಕಂಡದ್ದು ಬೇರೆ. "ಮಾಲೀಕ ಬದಲಾದ್ನಾ? ಅದಕ್ಕ ಮತ್ತ! ನಾವು ಎಲಿ ಅಡಿಕಿ ಕೊಟ್ಟಿಲ್ಲ!"

ನಮ್ಮ ಪೇಟೆಯಲ್ಲಿ ಅಂಗಡಿ ಕೈ ಬದಲಾದರೆ ಹಳೆಯ ಗಿರಾಕಿ ಎಲೆ ಅಡಿಕೆ, ತೆಂಗಿನಕಾಯಿ ಕೊಟ್ಟು ಹೊಸಬರ ಗುರುತು ಮಾಡಿಕೊಂಡು ಬರುವುದು ವಾಡಿಕೆ. ಮಾವ ಕರಿ ಕೋಟು ತೊಟ್ಟು, ರುಮಾಲು ಸುತ್ತಿ, ರೇಡಿಯೋದ ಮುಂದೆ ತಟ್ಟೆ ಇಟ್ಟು ಕೈ ಮುಗಿದರು. "ನಾವು ಹೊಸಪ್ಯಾಟಿಯವ್ರು. ಹಳೇ ಗಿರಾಕಿ ಅದೀವಿ. ಮೊದಲಿನಂಗ ನಡೆಸ್ಕೊಂಡು ಹೋಗ್ರಿ."

ಸರ್ಕಾರ ಸರ್ರೆಂದಿತು.

"ಏನಂತಾರವ್ವಾ?"

"ಅರ್ಜಿ ಬರೀರಿ ಅಂತಾರ!" ಎಂದು ಕೂಗಿದೆ. ಸರ್ಕಾರ ಮತ್ತೇನು ಅಂದೀತು?

ಕೊನೆಗೆ ಮಾವ ಮುಳ್ಳು ತಿರುವಲು ಕೂತರು. ಕಿವುಡರಿಗೆ ಹಾಡು ಸಿಕ್ಕಿದ್ದು ತಿಳಿಯುವುದು ಹೇಗೆ? ಕೈ ಗುಂಡಿಯ ಮೇಲೆ, ಕಣ್ಣು ಅತ್ತೆಯ ಬೆರಳಿನ ಮೇಲೆ! ಕೂದಲೆಳೆಯಷ್ಟು ತಿರುವುವುದು, ಬೆರಳು ನೋಡುವುದು. ನಾನು ತಿರುವುತ್ತೇನೆ ಎಂದರೆ, "ನಿನಗೇನ್ ತಿಳೀತೈತವ್ವ? ನೀನು ಬರೇ ಕಿವೀಲೆ ಕೇಳಾಕಿ!" ಎಂದರು. ಹೀಗೇ ದಿನಗಳು ಹೋದವು. ಹಟಕ್ಕೆ ಬಿದ್ದು ಅವರೂ ಊಟ ಬಿಟ್ಟರು. ಗಂಡ ಹೆಂಡತಿ ಇಬ್ಬರೂ ಒಲ್ಲೆ ಎಂದರೆ ನಾನು ಗಂಜಿ ಯಾರಿಗೆ ಕಾಸಲಿ?

ಕಾಸಿದೆ. ಬಟ್ಟಲು ಹಿಡಿದು ಒಳಗೆ ಬಂದಾಗ ಅತ್ತೆ ಗೋಡೆ ಬಿಟ್ಟು ಮಾವನ ಕಡೆ ನೋಡುತ್ತಿದ್ದರು. ಮಾವ ಪೆಟ್ಟಿಗೆಗೆ ಒರಗಿಕೊಂಡೇ ಗುಂಡಿ ತಿರುವುತ್ತಿದ್ದರು.

ಅತ್ತೆಯ ಬೆರಳು ಎದ್ದಿತು. ಮಂಚದ ಪಟ್ಟಿಯ ಮೇಲೆ ತಾಳ ಬಿತ್ತು.

"ಸಿಕ್ತವ್ವಾ! ಹೊಸಾ ಮಾಲೀಕ ಚೊಲೋ ಮನಷ್ಯಾ ಅದಾನ! ಏನ್ ಹಾಡಾಕತ್ಯಾರ?"

ಕಿವಿಗೊಟ್ಟೆ. ಕಾದ ಬಾಣಲೆಯಂಥ ಅದೇ ಸರ್ರು. ಬೇರೆ ಏನೂ ಇರಲಿಲ್ಲ. ಅತ್ತೆಯ ಕಡೆ ತಿರುಗಿದೆ. ಬೆರಳು ತಾಳ ತಪ್ಪಲಿಲ್ಲ. ಕಣ್ಣು ಮಾತ್ರ ನನ್ನ ಕೈಯ ಬಟ್ಟಲನ್ನು ನೋಡಿತು, ಆಮೇಲೆ ಮಾವನನ್ನು.

ಓಣಿಗೆಲ್ಲ ಕೇಳುವಂತೆ ಕೂಗಿದೆ:

"ಭಾಳ ಚೊಲೋ ಹಾಡಾಕತ್ಯಾರ್ರೀ ಮಾವಾ! ಉಣ್ಣಾಕ ಬರ್ರೀ!"