ನಮ್ಮ ಮನೆ ಮಾರಿದ ದುಡ್ಡಿನ ಮೇಲೆ ತಾವಿಟ್ಟ ಅಕ್ಕರೆಯ ಕುರಿತು

ಮಾನ್ಯರೇ,

ಬ್ಯಾಂಕಿನ ಹೂಡಿಕೆ ಸಲಹೆಗಾರರಾದ ಶ್ರೀ ಡೇರಿಲ್ ಕ್ವಾಮ್ ಅವರ ಸನ್ನಿಧಾನಕ್ಕೆ, ಬೆಮಿಡ್ಜಿ ಊರಿನಲ್ಲಿ ಶಾಲಾ ಬಸ್ಸು ಓಡಿಸಿ ನಿವೃತ್ತಳಾದ ವರ್ಲಿನ್ ಸ್ಟೆನರ್ಸನ್ ಮಾಡುವ ಅನಂತ ನಮಸ್ಕಾರಗಳು. ನಾನೂ ನಮ್ಮ ಯಜಮಾನರಾದ ಆರ್ವಿಡ್ ಅವರೂ ಕ್ಷೇಮ; ತಮ್ಮ ಕ್ಷೇಮವನ್ನು ವಾರಕ್ಕೆ ಮೂರು ಸಲ ಫೋನ್ ಮಾಡಿ ತಾವೇ ತಿಳಿಸುತ್ತಿರುವುದರಿಂದ ಬೇರೆ ಕೇಳಬೇಕಾಗಿಲ್ಲ.

ಮೆಟ್ಟಿಲು ಹತ್ತಲಾಗದೆ ಮೂವತ್ತೆಂಟು ವರ್ಷ ಬಾಳಿದ ಮನೆಯನ್ನು ಮಾರಿದಾಗ, ಬಂದ ಎರಡು ಲಕ್ಷ ನಲವತ್ತು ಸಾವಿರ ಡಾಲರನ್ನು ಏನು ಮಾಡಬೇಕೆಂದು ನಮಗೆ ತೋಚಲಿಲ್ಲವೆಂಬುದು ನಿಜ. ಆರ್ವಿಡ್ ಅವರಿಗೆ ಮೀನು ಹಿಡಿಯುವ ದೋಣಿ ಬೇಕಿತ್ತು. ನನಗೆ ಏನು ಬೇಕೆಂಬುದು ನನಗೇ ಗೊತ್ತಿರಲಿಲ್ಲ. ತಮಗೆ ಮಾತ್ರ ಎಲ್ಲವೂ ಗೊತ್ತಿತ್ತು.

ದುಡ್ಡನ್ನು ಎಲ್ಲೆಲ್ಲಿ ಎಷ್ಟೆಷ್ಟು ಹಾಕಬೇಕೆಂದು ತೋರಿಸಲು ತಾವು ಮೇಜಿನ ಮೇಲೆ ಹರಡಿದ, ಹೋಳುಹೋಳಾಗಿ ಬಣ್ಣ ಬಳಿದ ದುಂಡನೆಯ ಚಿತ್ರ ಕಂಡು ನಮ್ಮವರು "ಇದು ಯಾವ ಹಣ್ಣಿನ ಕಡುಬು?" ಎಂದು ಕೇಳಿದ್ದಕ್ಕೆ ಕ್ಷಮೆ ಇರಲಿ. "ಮೇಡಂ, ತೊಂಬತ್ತೈದನೇ ವಯಸ್ಸಲ್ಲಿ ನಿಮ್ಮ ಗುರಿ ಏನು?" ಎಂದು ತಾವು ಕೇಳಿದಾಗ "ಉಸಿರಾಡೋದು" ಎಂದು ಉತ್ತರಿಸಿದವರೂ ಅವರೇ. ತರುವಾಯ ತಾವು ನಷ್ಟ ತಡೆಯುವ ಧೈರ್ಯ ಎಷ್ಟಿದೆಯೆಂದು ಇಪ್ಪತ್ತು ಪ್ರಶ್ನೆ ಕೇಳಿ ನನ್ನನ್ನು 'ಅತಿ ಅಂಜುಬುರುಕರು' ಎಂಬ ಪಟ್ಟಿಗೆ ಸೇರಿಸಿದಿರಿ. ಮೂವತ್ತೊಂದು ಚಳಿಗಾಲ, ಹಿಮಗಟ್ಟಿದ ರಸ್ತೆಯಲ್ಲಿ, ಹಿಂದಿನ ಸೀಟಿನಲ್ಲಿ ಹೊಡೆದಾಡುತ್ತಿದ್ದ ನಲವತ್ತು ಮಕ್ಕಳನ್ನು ಶಾಲೆಗೆ ಮುಟ್ಟಿಸಿದವಳಿಗೆ ಈ ಬಿರುದನ್ನು ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ದುಡ್ಡನ್ನೆಲ್ಲ ಹದಿನೈದು ವರ್ಷ ಮುಟ್ಟದಂತೆ ಇಡಬೇಕೆಂಬ ತಮ್ಮ ಸಲಹೆಯಂತೂ ಅಮೋಘ. ಅಷ್ಟು ಹೊತ್ತಿಗೆ ನನಗೆ ಎಂಬತ್ತೆಂಟಾಗಿ, ದೋಣಿಗೆ ನನ್ನನ್ನು ಎತ್ತಿ ಕೂರಿಸಬೇಕಾಗುತ್ತಿತ್ತು.

ಅಷ್ಟರಲ್ಲಿ ಒಂದು ಸೋಮವಾರ, ಹೊಸ ಬಾಡಿಗೆ ಮನೆಯಲ್ಲಿ ಒಗೆಯುವ ಯಂತ್ರವಿಲ್ಲದ ಕಾರಣ, ನಾಣ್ಯ ಹಾಕಿ ನಾವೇ ಬಟ್ಟೆ ಒಗೆದುಕೊಳ್ಳುವ ಡೋರೀನ್ ಬೋಶೇ ಅವರ ಲಾಂಡ್ರಿಗೆ ಹೋದೆ. ತಿಂಗಳ ಕೊನೆಗೆ ಮುಚ್ಚುತ್ತೇವೆಂದು ಬಾಗಿಲಲ್ಲಿ ಚೀಟಿ ಅಂಟಿಸಿದ್ದರು.

"ಕೊಳ್ಳೋರು ಯಾರೂ ಬರ್ಲಿಲ್ಲ ಕಣಮ್ಮ. ಯಂತ್ರ ಎಲ್ಲಾ ಗುಜರಿಗೆ ಹಾಕ್ತೀನಿ" ಎಂದರು ಡೋರೀನ್.

ಅವಳಿ ಕೂಸುಗಳನ್ನು ಸೊಂಟದ ಎರಡೂ ಕಡೆ ಎತ್ತಿಕೊಂಡಿದ್ದ ಒಬ್ಬ ತಾಯಿ "ಹಂಗಾದ್ರೆ ನಾವೆಲ್ಲ ಎಲ್ಲಿಗೆ ಹೋಗ್ಬೇಕು?" ಎಂದಳು. ನಾನು ಅಲ್ಲಿಂದಲೇ ಯಜಮಾನರಿಗೆ ಫೋನ್ ಮಾಡಿ, "ರೀ, ದೋಣಿ ಬೇಕಾ, ಲಾಂಡ್ರಿ ಬೇಕಾ?" ಎಂದು ಕೇಳಿದೆ. ದೋಣಿಯ ಆಸೆ ಅವರಿಗೆ ಹುಡುಗುತನದಿಂದ ಇದ್ದದ್ದು, ಮಾನ್ಯರೇ. ಆದರೂ "ಲಾಂಡ್ರೀಲೂ ನೀರಿರತ್ತಲ್ಲ, ತಗೊಳ್ಳೇ" ಎಂದರು.

ಹೀಗೆ ಅರ್ಧ ದುಡ್ಡು ಕೊಟ್ಟು ಲಾಂಡ್ರಿ ಕೊಂಡದ್ದು ಹುಚ್ಚುತನವೆಂದು ತಾವು ನಾಲ್ಕು ಪುಟ ಬರೆದಿದ್ದೀರಿ. ಅಷ್ಟು ಉದ್ದದ ಪತ್ರವನ್ನು ನಮ್ಮವರು ಮದುವೆಗೆ ಮುಂಚೆಯೂ ನನಗೆ ಬರೆದವರಲ್ಲ. ಹದಿನಾರು ಯಂತ್ರಗಳಲ್ಲಿ ಹನ್ನೊಂದು ಈಗ ಓಡುತ್ತಿವೆ. ಉಳಿದವುಗಳ ಹೊಟ್ಟೆಯಲ್ಲಿ ಮೊಣಕೈವರೆಗೆ ಕೈ ಹಾಕಿಕೊಂಡು ಆರ್ವಿಡ್ ಹಾಡುತ್ತಾರೆ. ಮೊದಲ ತಿಂಗಳ ಲಾಭ ಅರವತ್ತೆರಡು ಡಾಲರ್ ಮತ್ತು ಜೋಡಿಯಿಲ್ಲದ ಹತ್ತೊಂಬತ್ತು ಕಾಲುಚೀಲ. ಅವಳಿಗಳು ಬಿಸಿ ಬಟ್ಟೆಯ ಬುಟ್ಟಿಯಲ್ಲಿ ನಿದ್ದೆ ಮಾಡುತ್ತವೆ. ಮಿಕ್ಕ ಅರ್ಧ ದುಡ್ಡು ತಮ್ಮ ಬ್ಯಾಂಕಿನ ಸಾದಾ ಖಾತೆಯಲ್ಲೇ ತೂಕಡಿಸುತ್ತಿದೆ.

ಆದ್ದರಿಂದ ತಾವು ದಯಮಾಡಿ ನನ್ನ ಹೆಸರನ್ನು ಆ ಅಂಜುಬುರುಕರ ಪಟ್ಟಿಯಿಂದ ಹೊಡೆದುಹಾಕಬೇಕು. ಮತ್ತು ತಾವು ನಮಗೆ ಕೊಟ್ಟ ಕ್ಯಾಲೆಂಡರಿನ ಚಿತ್ರದಲ್ಲಿ ಬಿಳಿ ಪ್ಯಾಂಟು ತೊಟ್ಟು ಸಮುದ್ರದ ದಂಡೆಯಲ್ಲಿ ನಡೆಯುವ ಆ ಹಿರಿಯ ದಂಪತಿ ಬಟ್ಟೆಯನ್ನು ಎಲ್ಲಿ ಒಗೆಸುತ್ತಾರೆಂದು ವಿಚಾರಿಸಿ, ಅವರನ್ನು ನಮ್ಮಲ್ಲಿಗೆ ಕಳುಹಿಸಿಕೊಡಬೇಕು.

ಇಂತಿ, ಕೈಗೆ ಸಿಕ್ಕೂ ಜಾರಿಹೋದ,
ತಮ್ಮ ವಿಶ್ವಾಸಿ,
ವರ್ಲಿನ್ ಸ್ಟೆನರ್ಸನ್

ತಾ.ಕ.: ಕಳೆದ ಶನಿವಾರ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಂದು, ಆರು ಬಿಳಿ ಅಂಗಿಗಳ ಜೊತೆ ಒಂದು ಹೊಸ ಕೆಂಪು ಟವೆಲ್ ಹಾಕಿ ಒಗೆದ ಮಹನೀಯರು ತಾವಲ್ಲವೆಂದೇ ನಾವು ಊರಿಗೆಲ್ಲ ಹೇಳುತ್ತಿದ್ದೇವೆ. ಗುಲಾಬಿ ಬಣ್ಣ ತಮಗೆ ತುಂಬ ಒಪ್ಪುತ್ತದೆ.